ಕಾರ್ಡುಗಳಿಗೆ ಗಂಧ ಹಚ್ಚಿದವರು

ಪಾಪ, ದೇವರ ಕೆಲಸ ಅಂತ ಮಾಡಿದ್ದಾರೆ, ಬಿಟ್ಟುಬಿಡು ಎಂದು ನನಗೆ ಹೇಳದವರಿಲ್ಲ. ಗಂಡ ಹೇಳಿದರು, ಅತ್ತೆ ಹೇಳಿದರು. ತವರಿನಿಂದ ಬಂದ ಅಮ್ಮನೂ ನನ್ನ ಪರ ನಿಲ್ಲದೆ ಅದನ್ನೇ ಹೇಳಿ ಸುಳ್ಯದ ಬಸ್ಸು ಹತ್ತಿದರು. ನಾನು ಬಿಡಲಿಲ್ಲ. ಗಂಡನ ಅಣ್ಣನ ಹೆಂಡತಿ, ಅಂದರೆ ನನ್ನ ಓರಗಿತ್ತಿ, ಆ ಆಯುಧ ಪೂಜೆಯ ದಿನ ನನ್ನ ಕಾರ್ಡುಗಳಿಗೆ ಮಾಡಿದ್ದನ್ನು ಬೇಕೆಂದೇ ಮಾಡಿದರು ಎಂದು ನನಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು. ಆದರೆ ಅದನ್ನು ಅವರ ಬಾಯಿಂದಲೇ ಕೇಳಬೇಕು ಎಂಬ ಹಠ ನನ್ನ ಹೊಟ್ಟೆಯೊಳಗೆ ಕೂತುಬಿಟ್ಟಿತು. ಆ ಹಠ ಇಟ್ಟುಕೊಂಡೇ ಅನ್ನ ಬೇಯಿಸಿದೆ, ಮಗನನ್ನು ಸಾಕಿದೆ, ತಲೆಗೂದಲು ಬೆಳ್ಳಗೆ ಮಾಡಿಕೊಂಡೆ. 'ಬೇಕೂಂತಲೇ ಮಾಡಿದ್ದು' ಎಂಬ ಒಂದು ಮಾತು ಸಾಕಿತ್ತು. ಕ್ಷಮೆ ಗಿಮೆ ನನಗೆ ಬೇಕಿರಲಿಲ್ಲ, ಕೇಳಿದ್ದರೂ ಕೊಡುತ್ತಿರಲಿಲ್ಲ.

ಕಾಗದದ ಹುಚ್ಚು ನನಗೆ ಹಿಡಿದದ್ದು ಸುಳ್ಯದ ಶಾಲೆಯಲ್ಲಿ. ಶಾಲೆಯೆದುರಿನ ಸಣ್ಣ ಅಂಗಡಿಯ ಗಾಜಿನ ಭರಣಿಯಲ್ಲಿ ಹಣ್ಣಿನ ಆಕಾರದ ರಬ್ಬರುಗಳು ಇರುತ್ತಿದ್ದವು. ಉಜ್ಜಿದರೆ ಅಕ್ಷರ ಅಳಿಯುತ್ತಿರಲಿಲ್ಲ, ಪುಟವೇ ಕಪ್ಪಾಗುತ್ತಿತ್ತು. ಆದರೆ ಮೂಸಿದರೆ ಅನಾನಸಿನ ಪರಿಮಳ ತಲೆಯವರೆಗೆ ಏರುತ್ತಿತ್ತು. ನಾನು ಅದರಿಂದ ಒಂದಕ್ಷರವನ್ನೂ ಅಳಿಸಲಿಲ್ಲ. ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಸಿ ಮಲಗಿಸಿದೆ. ಆಮೇಲೆ ಮೂಲೆಯಲ್ಲಿ ಗುಲಾಬಿ ಅಚ್ಚಾದ ಪತ್ರದ ಹಾಳೆಗಳು, ಹಸಿರು ಶಾಯಿಯ ಪೆನ್ನು, ಒಂದರ ಹಿಂದೆ ಒಂದು ಮೊನೆ ತಳ್ಳುವ ಪೆನ್ಸಿಲು ಬಂದವು. ಸುಬ್ರಹ್ಮಣ್ಯಕ್ಕೆ ಹೋದಾಗ ಮನೆಯವರು ಸರ್ಪಸಂಸ್ಕಾರದ ಚೀಟಿ ಮಾಡಿಸುತ್ತಿದ್ದರೆ ನಾನು ಅಂಗಡಿ ಸಾಲಿನಲ್ಲಿ ನಿಂತು, ಓರೆ ಮಾಡಿದರೆ ದೇವರು ಕಣ್ಣು ಮಿಟುಕಿಸುವ ಅಡಿಪಟ್ಟಿಗಾಗಿ ಅಳುತ್ತಿದ್ದೆ. ಅದೂ ಸಿಕ್ಕಿತು. ಯಾವುದನ್ನೂ ಬಳಸುವುದಿಲ್ಲ, ಯಾರಿಗೂ ಮುಟ್ಟಗೊಡುವುದಿಲ್ಲ ಎಂದು ಅಮ್ಮ ನನ್ನ ಬಗ್ಗೆ ಊರಿಗೆಲ್ಲ ಹೇಳಿ ನಗಾಡುತ್ತಿದ್ದರು.

ಡಿಸೆಂಬರ್ ಬಂದರೆ ನನಗೆ ಊಟ ಸೇರುತ್ತಿರಲಿಲ್ಲ. ಅಂಗಡಿಯವರು ಬಾಗಿಲಿಗೆ ಅಡ್ಡ ಹಗ್ಗ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಲ್ಲಿ ಹೊಸ ವರ್ಷದ ಕಾರ್ಡುಗಳನ್ನು ತೂಗುಬಿಡುತ್ತಿದ್ದರು. ಹಿಮ ಬಿದ್ದ ಮನೆಗಳು, ಮಿಣಿಮಿಣಿ ಪುಡಿ ಅಂಟಿಸಿದ ಹಕ್ಕಿಗಳು, ತೆರೆದರೆ ಕೀಂ ಎಂದು ಹಾಡುವ ಸಂಗೀತದ ಕಾರ್ಡು. ಹಿಮವನ್ನು ಕಂಡವರು ಸುಳ್ಯದಲ್ಲಿ ಯಾರಿದ್ದರು? ಆದರೂ ಅದೇ ಕಾರ್ಡು ಮೊದಲು ಮುಗಿಯುತ್ತಿತ್ತು. ಉಳಿದ ಹುಡುಗಿಯರು ಕೊಂಡು ಗೆಳತಿಯರಿಗೆ ಕೊಡುತ್ತಿದ್ದರು. ನಾನು ಜೋಡಿ ಕೊಳ್ಳುತ್ತಿದ್ದೆ, ಒಂದು ಕೊಡಲಿಕ್ಕೆ, ಇನ್ನೊಂದು ಇಟ್ಟುಕೊಳ್ಳಲಿಕ್ಕೆ.

ಎಲ್ಲಕ್ಕಿಂತ ಚಂದದ ಕಾರ್ಡು ನಾನು ಕೊಂಡದ್ದಲ್ಲ. ನನ್ನ ಬೆಂಚಿನಲ್ಲಿ ಒಬ್ಬಳು ಬ್ಯಾರಿ ಹುಡುಗಿ ಕೂರುತ್ತಿದ್ದಳು. ಅವಳಪ್ಪ ಗಲ್ಫಿನಲ್ಲಿದ್ದರು. ಅವಳ ಪೆನ್ಸಿಲ್ ಪೆಟ್ಟಿಗೆಯ ಮುಚ್ಚಳ ತಾನಾಗಿಯೇ ಟಕ್ಕೆಂದು ಕಚ್ಚಿಕೊಳ್ಳುತ್ತಿತ್ತು, ಒಳಗೆ ಅಯಸ್ಕಾಂತ ಉಂಟು ಎಂದು ಹೇಳಿ ನನ್ನ ಹೊಟ್ಟೆ ಉರಿಸುತ್ತಿದ್ದಳು. ಅವಳ ಮನೆಯವರೆಲ್ಲ ಅಪ್ಪನಿದ್ದಲ್ಲಿಗೆ ಹೊರಟ ವರ್ಷ ನನಗೊಂದು ಈದ್ ಕಾರ್ಡು ಕೊಟ್ಟಳು. ಕಡುನೀಲಿ ಆಕಾಶ, ಚಿನ್ನದ ರೇಕಿನ ಅರ್ಧಚಂದ್ರ. ತೆರೆದರೆ ಜಾಲಂದರದ ಕಿಟಕಿಯೊಂದು ಕಾಗದದಲ್ಲಿ ಎದ್ದು ನಿಲ್ಲುತ್ತಿತ್ತು, ಕಿಟಕಿಯ ಆಚೆ ಅವಳ ಗುಂಡು ಕನ್ನಡ ಅಕ್ಷರದಲ್ಲಿ ನನ್ನ ಹೆಸರು. ಆಮೇಲೆ ಅವಳ ಸುದ್ದಿ ಬರಲಿಲ್ಲ. ಆ ಕಾರ್ಡು ಮಾತ್ರ ನನ್ನ ಹತ್ತಿರ ಉಳಿಯಿತು.

ಮದುವೆಯಾಗಿ ಪುತ್ತೂರಿಗೆ ಬಂದೆ. ಗಂಡ ಮತ್ತು ಭಾವ ಸೇರಿ ತೋಟಕ್ಕೆ ಮದ್ದು ಬಿಡುವ ಪಂಪು, ನೀರೆತ್ತುವ ಮೋಟರು ರಿಪೇರಿ ಮಾಡುವ ಅಂಗಡಿ ನಡೆಸುತ್ತಿದ್ದರು. ಪೇಟೆಯೊಳಗೇ ಮನೆ. ಕೆಳಗೆ ಅತ್ತೆ, ಭಾವ, ಅವರ ಹೆಂಡತಿ. ಮೇಲಿನ ಮಾಳಿಗೆ ನಮಗೆ. ಭಾವನ ಹೆಂಡತಿಯನ್ನು ನಾನು ಬಾಯಲ್ಲಿ ಅಕ್ಕ ಎನ್ನುತ್ತೇನೆ, ಊರಿನ ಕ್ರಮ ಹಾಗೆ. ಬರೆಯುವಾಗಲೂ ಕೈ ಹಾಗೇ ಬರೆಯುತ್ತದೆ. ಮನಸ್ಸಿನಲ್ಲಿ ಏನನ್ನುತ್ತೇನೆ ಎಂಬುದನ್ನು ಇಲ್ಲಿ ಅಚ್ಚು ಹಾಕಲಿಕ್ಕಾಗುವುದಿಲ್ಲ.

ತವರಿನಿಂದ ನನ್ನ ಜೊತೆ ಬಂದ ಕಬ್ಬಿಣದ ಕಪಾಟನ್ನು ನಾಲ್ಕು ಜನ ಏದುಸಿರು ಬಿಡುತ್ತ ಮೆಟ್ಟಲು ಹತ್ತಿಸಿದರು. ಅಕ್ಕ ಕೆಳಗಿನಿಂದ ನೋಡುತ್ತಿದ್ದರು. ಸೀರೆ, ಪಾತ್ರೆ ಇರಬೇಕು ಎಂದು ಮರುದಿನ ಬಾಗಿಲು ತೆಗೆಸಿದರು. ಒಳಗೆ ರಟ್ಟಿನ ಪೆಟ್ಟಿಗೆಗಳು, ಪೆಟ್ಟಿಗೆ ತುಂಬ ಕಾರ್ಡು.

"ಇದೆಂತ ಮಾರಾಯ್ತಿ, ಗುಜರಿಯಾ?" ಎಂದು ಕೇಳಿ ಜೋರಾಗಿ ನಕ್ಕರು. ಮನೆಯವರೂ ನಕ್ಕರು. ನಾನೂ ನಕ್ಕೆ, ಹೊಸ ಮದುಮಗಳು ಇನ್ನೇನು ಮಾಡುವುದು.

ಆದರೆ ಆ ಕಪಾಟು ಮನೆಗೆ ಬಂದವರಿಗೆಲ್ಲ ಒಂದು ಸೋಜಿಗವಾಯಿತು. ನೆಂಟರು ಬಂದರೆ ಕೆಳಗೆ ಉಂಡು ಕೈ ತೊಳೆದು, "ನಿನ್ನ ಕಾರ್ಡು ತೋರ್ಸು ನೋಡುವ" ಎನ್ನುತ್ತ ಮಾಳಿಗೆ ಹತ್ತುತ್ತಿದ್ದರು. ಮಕ್ಕಳು ಸಂಗೀತದ ಕಾರ್ಡಿಗೆ ಮುಗಿಬೀಳುತ್ತಿದ್ದರು. ಮನೆಯಲ್ಲಿ ಯಾರ ಹುಟ್ಟುಹಬ್ಬ ಬಂದರೂ, ಯಾರು ಪರೀಕ್ಷೆ ಪಾಸಾದರೂ ನಾನು ಆರಿಸಿ ಒಂದು ಕಾರ್ಡು ಬರೆದುಕೊಡುತ್ತಿದ್ದೆ. ಅತ್ತೆ ಓದಲು ಬಾರದಿದ್ದರೂ ತನ್ನ ಕಾರ್ಡನ್ನು ಎಲೆಯಡಿಕೆ ಚೀಲದಲ್ಲಿ ಇಟ್ಟುಕೊಂಡಿದ್ದರು. ಅಕ್ಕನಿಗೂ ಕೊಟ್ಟಿದ್ದೆ. ಅವರು ಅದನ್ನು ಎಣ್ಣೆ ಡಬ್ಬಿಯ ಕೆಳಗೆ ಜಿಡ್ಡು ಹೀರಲಿಕ್ಕೆ ಇಟ್ಟರು.

ನಡುವೆ ಕಡಬದಿಂದ ಒಂದು ಸುದ್ದಿ ಬಂತು. ಅಲ್ಲಿ ಒಬ್ಬರು ಶಾಲೆಪುಸ್ತಕ, ಫ್ಯಾನ್ಸಿ ಸಾಮಾನಿನ ಅಂಗಡಿ ಇಟ್ಟಿದ್ದರು. ಜನ ಫೋನಿನಲ್ಲೇ ಮೆಸೇಜು ಕಳಿಸಲು ಶುರುಮಾಡಿದ ಮೇಲೆ ಕಾರ್ಡು ಕೊಳ್ಳುವವರಿಲ್ಲದೆ, ಉಳಿದದ್ದನ್ನೆಲ್ಲ ಅಟ್ಟಕ್ಕೆ ಹಾಕಿದ್ದರಂತೆ. ಅಂಗಡಿ ಖಾಲಿ ಮಾಡುತ್ತಿದ್ದಾರೆ, ಸುಡುತ್ತಾರಂತೆ ಎಂದು ಪಂಪು ರಿಪೇರಿಗೆ ಬಂದ ಗಿರಾಕಿಯೊಬ್ಬರು ಹೇಳಿದ್ದೇ ತಡ, ಒಲೆಯ ಮೇಲಿದ್ದ ಸಾರು ಹಾಗೇ ಬಿಟ್ಟು ಬಸ್ಸು ಹತ್ತಿದೆ. ಸಂಜೆ ಬಿಸ್ಕತ್ತಿನ ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು, ಕಂಡಕ್ಟರನ ಬೈಗುಳ ತಿಂದು ಪುತ್ತೂರಿಗೆ ಬಂದಿಳಿದೆ. ಸಾರು ತಳ ಹಿಡಿದಿತ್ತು. ಅಕ್ಕ ಅದರ ಪಾತ್ರೆಯನ್ನು ಅಂಗಳದ ನಡುವೆ, ಬರುವವರಿಗೆಲ್ಲ ಕಾಣುವ ಹಾಗೆ ಇಟ್ಟಿದ್ದರು.

ಇನ್ನು ಆ ಆಯುಧ ಪೂಜೆ. ನಮ್ಮದು ಸ್ಪಾನರು, ಸುತ್ತಿಗೆಯಿಂದ ಹೊಟ್ಟೆ ಹೊರೆಯುವ ಮನೆ, ಹಾಗಾಗಿ ನಮಗೆ ದೀಪಾವಳಿಗಿಂತ ಈ ಹಬ್ಬ ದೊಡ್ಡದು. ಬೆಳಿಗ್ಗೆ ಅಂಗಡಿಯ ಸಾಮಾನನ್ನೆಲ್ಲ ತೊಳೆದು, ಗಂಧ ಕುಂಕುಮದ ಬೊಟ್ಟು ಇಟ್ಟು, ಸೇವಂತಿಗೆ ಮುಡಿಸುತ್ತೇವೆ. ಮನೆಯಲ್ಲಿ ಗ್ರೈಂಡರು, ಮಿಕ್ಸಿ, ಹೊಲಿಗೆ ಮಿಷನ್ನು, ಮಕ್ಕಳ ಪುಸ್ತಕ. ಯಾರಿಗೆ ಯಾವುದರಿಂದ ಅನ್ನವೋ ವಿದ್ಯೆಯೋ ಅದಕ್ಕೊಂದು ಬೊಟ್ಟು. ಗಂಧ ತೇಯುವುದು, ಬೊಟ್ಟು ಇಡುವುದು ಮನೆಯ ಹಿರಿಸೊಸೆಯ ಕೆಲಸ. ಆ ವರ್ಷ ಅತ್ತೆ ನನ್ನನ್ನು ಅಂಗಡಿಯ ಪೂಜೆಗೆ ಕಳಿಸಿದರು. ಕುಂಬಳಕಾಯಿ ಒಡೆದು, ಬಂದವರಿಗೆ ಅವಲಕ್ಕಿ ಪಂಚಕಜ್ಜಾಯ ಹಂಚಿ ಮನೆಗೆ ಬರುವಾಗ ಮಧ್ಯಾಹ್ನವಾಗಿತ್ತು.

ಚಾವಡಿಯಲ್ಲಿ ಬಾಳೆಲೆ ಹಾಸಿದ್ದರು. ಎಲೆಯ ಮೇಲೆ ಸಾಲಾಗಿ ನನ್ನ ಕಾರ್ಡುಗಳು. ಒಂದೊಂದರ ನಟ್ಟನಡುವೆ ಒದ್ದೆ ಗಂಧದ ದಪ್ಪ ಬೊಟ್ಟು, ಅದರ ಮೇಲೆ ಕುಂಕುಮ. ಹಕ್ಕಿಗಳ ಮುಖದ ಮೇಲೆ, ಹಿಮದ ಮನೆಗಳ ಮಾಡಿನ ಮೇಲೆ. ಗುಲಾಬಿ ಹಾಳೆಗಳ ಮೇಲೆ ನೀರು ಚಿಮುಕಿಸಿದ್ದರು, ಅವು ಸುಕ್ಕಾಗಿ ಎದ್ದಿದ್ದವು. ನೀಲಿ ಆಕಾಶದ ಅರ್ಧಚಂದ್ರ ಕಾಣುತ್ತಲೇ ಇರಲಿಲ್ಲ.

"ಬಾ ಬಾ, ನಿಂಗೇ ಕಾಯ್ತಾ ಇದ್ದದ್ದು," ಎಂದರು ಅಕ್ಕ. "ನಿನ್ನದೂ ವಿದ್ಯೆಯೇ ಅಲ್ವಾ? ಕಪಾಟಿನೊಳಗೆ ಪೂಜೆ ಇಲ್ಲದೆ ಬಿದ್ದಿರ್ತದೆ, ಪಾಪ. ಈ ಸಲ ಎಲ್ಲದಕ್ಕೂ ನಾನೇ ಕೂತು ಹಾಕಿದೆ."

ಅತ್ತೆಯ ಕಣ್ಣಲ್ಲಿ ನೀರಿತ್ತು, ಹಿರಿಸೊಸೆಯ ದೊಡ್ಡ ಮನಸ್ಸು ಕಂಡು. ಭಾವ ಆರತಿ ತಟ್ಟೆ ಹಿಡಿದು ನಿಂತಿದ್ದರು, ನೆರೆಯವರು ಬಂದಿದ್ದರು. ನಾನು ಏನು ಮಾಡಬೇಕಿತ್ತು? ಗಂಧ ಇಟ್ಟವರ ಮೇಲೆ ಕೂಗಾಡಿದರೆ ಹುಚ್ಚಿ ಎನ್ನುತ್ತಾರೆ. ನನ್ನ ಹಾಳಾದ ಕಾರ್ಡುಗಳ ಮುಂದೆ ನಾನೇ ಕೈ ಮುಗಿದೆ. ಆರತಿ ತೆಗೆದುಕೊಂಡೆ. ಅಕ್ಕ ಅಂಗೈಗೆ ಹಾಕಿದ ಪಂಚಕಜ್ಜಾಯವನ್ನು ತಿಂದೆ.

ಅಷ್ಟೇ ಆಗಿದ್ದರೆ ತಿಳಿಯದೆ ಮಾಡಿದರು ಎಂದು ನಾನೂ ನಂಬುತ್ತಿದ್ದೆನೇನೋ. ಪೂಜೆ ಮುಗಿದ ಮೇಲೆ ಕಾರ್ಡುಗಳನ್ನು ಮೇಲೆ ಒಯ್ದು ಒಂದನ್ನು ತೆರೆಯಲು ಹೋದೆ. ತೆರೆಯಲಿಲ್ಲ. ಮಡಚಿದ ಕಾರ್ಡಿನ ಒಳಗೂ ಗಂಧ ಹಚ್ಚಿ, ಮಡಚಿ, ಒತ್ತಿ ಇಟ್ಟಿದ್ದರು. ಲೋಕದಲ್ಲಿ ಯಾರಾದರೂ ಪುಸ್ತಕದ ಒಳಗೆ ಬೊಟ್ಟು ಇಡುತ್ತಾರೆಯೇ? ಅಕ್ಕನ ಮಗಳ ಶಾಲೆಪುಸ್ತಕಗಳು ಚಾವಡಿಯಲ್ಲಿ ನನ್ನ ಕಾರ್ಡುಗಳ ಪಕ್ಕದಲ್ಲೇ ಇದ್ದವು, ಅವುಗಳ ಮೇಲೆ ಒಣ ಹೂವೊಂದೇ. ಅವರ ಮದುವೆಯ ಆಲ್ಬಮ್ಮಿಗೂ ಪೂಜೆಯಾಗಿತ್ತು, ಪ್ಲಾಸ್ಟಿಕ್ ಕವರಿನ ಮೇಲೆ. ಈದ್ ಕಾರ್ಡನ್ನು ಬಿಡಿಸುವಾಗ ಜಾಲಂದರದ ಕಿಟಕಿ ಎರಡು ತುಂಡಾಗಿ, ಒಂದು ಈ ಬದಿಗೆ, ಒಂದು ಆ ಬದಿಗೆ ಅಂಟಿಕೊಂಡಿತು. ಕಿಟಕಿಯ ಆಚೆ ಬರೆದಿದ್ದ ಅಕ್ಷರದಲ್ಲಿ ಒಂದೂ ಉಳಿಯಲಿಲ್ಲ.

ಕೆಳಗೆ ಇಳಿದು ಕೇಳಿದೆ. "ಅಕ್ಕ, ಒಳಗೆ ಯಾಕೆ ಹಾಕಿದ್ದು?"

"ಎಂತ ಒಳಗೆ?"

"ಕಾರ್ಡಿನ ಒಳಗೆ."

"ಹೌದಾ? ಕೈ ತಾಗಿರ್ಬೇಕು ಮಾರಾಯ್ತಿ," ಎಂದವರು ಗಂಧದ ಕಲ್ಲು ತೊಳೆಯುತ್ತ ತಲೆ ಎತ್ತದೆ ನಕ್ಕರು. ಆ ನಗುವನ್ನು ನಾನು ಇವತ್ತಿಗೂ ಮರೆತಿಲ್ಲ.

ರಾಜಿ ಮಾಡುವವರು ಒಬ್ಬೊಬ್ಬರಾಗಿ ಬಂದದ್ದು ಆಮೇಲೆ. ಕ್ಷಮಿಸುವವರು ದೊಡ್ಡವರು ಎಂದು ಗಂಡ ನನಗೆ ಬುದ್ಧಿ ಹೇಳಿದರು. ಅವರ ಪೆಟ್ಟಿಗೆಯ ಸ್ಪಾನರನ್ನು ಯಾರಾದರೂ ಮುಟ್ಟಿದರೆ ಇಡೀ ಅಂಗಡಿ ಹಾರುವಂತೆ ಕೂಗುವ ಮನುಷ್ಯ! ನಾನು ಸಣ್ಣವಳೇ ಆಗಿರುತ್ತೇನೆ, ನೀವು ದೊಡ್ಡವರಾಗಿ ಎಂದೆ. ಆಮೇಲೆ ಅವರು ಆ ಮಾತು ತೆಗೆಯಲಿಲ್ಲ.

ಸೇಡಿನ ಕೆಲಸ ನನಗೆ ಮೊದಮೊದಲು ಕೈಗೂಡಲಿಲ್ಲ. ಮನೆಮಂದಿಗೆಲ್ಲ ಕಾರ್ಡು ಕೊಡುವುದನ್ನು ಮುಂದುವರಿಸಿ ಅಕ್ಕನಿಗೆ ಮಾತ್ರ ನಿಲ್ಲಿಸಿದೆ. ಅವರ ಹುಟ್ಟುಹಬ್ಬದ ದಿನ ಬೇಕೆಂದೇ ಅವರ ಎದುರು ಬೇರೆಯವರ ಕಾರ್ಡು ಬರೆಯುತ್ತ ಕೂತೆ. ಅವರು ಸುಖವಾಗಿ ಹಲಸಿನ ಹಪ್ಪಳ ಒಣಗಿಸುತ್ತಿದ್ದರು, ಕಾರ್ಡು ಬಂತೋ ಇಲ್ಲವೋ ನೋಡಲೂ ಇಲ್ಲ. ಅವರ ಕೈಗೆ ವಾಟ್ಸಾಪಿನ ಫೋನು ಬಂದ ಮೇಲಂತೂ ಅವರೇ ಶುಭಾಶಯದ ರಾಣಿಯಾದರು. ಬೆಳಗಾದರೆ ಕುಟುಂಬದ ಗ್ರೂಪಿಗೆ ಗುಲಾಬಿ, ದೀಪ, ಬಾಯಿ ಬಿಟ್ಟ ಮಗು. "ನಿನ್ನ ಹಾಗೆ ಅಂಗಡಿ ಸುತ್ಲಿಕ್ಕಿಲ್ಲ ನೋಡು, ಒಂದು ಬೆರಳು ಸಾಕು," ಎಂದು ನನ್ನ ಮುಖಕ್ಕೇ ಹಿಡಿದು ತೋರಿಸುತ್ತಿದ್ದರು. ಸೇಡು ತೀರಿಸಿಕೊಳ್ಳಬೇಕಾದರೆ ಎದುರಿನವರ ಹತ್ತಿರ ಹಾಳಾಗುವಂಥದ್ದು ಏನಾದರೂ ಇರಬೇಕು. ಅವರ ಹತ್ತಿರ ಇದ್ದದ್ದು ಚಿನ್ನ, ಸ್ಟೀಲು, ಗ್ರಾನೈಟು. ಯಾವುದಕ್ಕೂ ನಾನು ಏನೂ ಮಾಡುವ ಹಾಗಿರಲಿಲ್ಲ, ಅಷ್ಟು ಧೈರ್ಯವೂ ಇರಲಿಲ್ಲ.

ಅವರ ಮಗಳು ಇದ್ದಳು.

ಪೂಜೆಯ ಮರುದಿನವೇ ಅವಳು ಮಾಳಿಗೆ ಹತ್ತಿ ಬಂದಿದ್ದಳು. ಆಗ ಅವಳು ಪ್ರಾಥಮಿಕ ಶಾಲೆಯ ಸಣ್ಣ ಹುಡುಗಿ. ನಾನು ಅಂಟಿದ ಕಾರ್ಡುಗಳನ್ನು ಇಡ್ಲಿ ಪಾತ್ರೆಯ ಹಬೆಗೆ ಹಿಡಿದು ಬಿಡಿಸಲು ನೋಡುತ್ತಿದ್ದೆ. ಕಣ್ಣು ಒದ್ದೆಯಾಗಿತ್ತು, ಹಬೆಯಿಂದ ಎಂದುಕೊಂಡಿರಬೇಕು. "ಚಿಕ್ಕಮ್ಮ, ಇದು ಯಾರು ಮಾಡಿದ್ದು?" ಎಂದು ಕೇಳಿದಳು.

"ದೇವರು," ಎಂದೆ.

ಅವಳು ಬಗ್ಗಿ ಕೂತು, ಸಣ್ಣ ಉಗುರಿನಿಂದ ಒಂದು ಹಕ್ಕಿಯ ರೆಕ್ಕೆಯ ಮೇಲಿನ ಒಣ ಗಂಧವನ್ನು ಪುಡಿಪುಡಿಯಾಗಿ ತೆಗೆದಳು. ರೆಕ್ಕೆಗೆ ಏನೂ ಆಗಲಿಲ್ಲ. ಈ ಮಗುವಿನ ಕೈ ನನ್ನ ಕೈಗಿಂತ ಚೆನ್ನಾಗಿದೆ ಎಂದು ಆಗಲೇ ಗೊತ್ತಾಯಿತು. ನನ್ನ ಮಗನಿಗೆ ಕಾಗದ ಎಂದರೆ ಚುರುಮುರಿ ಕಟ್ಟುವ ವಸ್ತು. ಇವಳಿಗೆ ಹಾಗಲ್ಲ. ದಿನಾ ಶಾಲೆ ಬಿಟ್ಟು ಬಂದರೆ ಚೀಲ ಕೆಳಗೆ, ಹುಡುಗಿ ಮೇಲೆ. ಲಕೋಟೆ ಬಿಚ್ಚಿ ಅದರ ನಕ್ಷೆ ನೋಡಿ ಅದೇ ಅಳತೆಯಲ್ಲಿ ಹೊಸ ಲಕೋಟೆ ಮಾಡುವುದನ್ನು ಕಲಿಸಿದೆ. ಬಣ್ಣದ ಶಾಯಿಯಲ್ಲಿ ಬರೆಯಲು ಕಲಿಸಿದೆ. ಕಾರ್ಡಿನಲ್ಲಿ ಅಚ್ಚಾದ ಇಂಗ್ಲಿಷ್ ಸಾಲನ್ನು ನಂಬಬೇಡ, ನಿನಗೆ ಅನಿಸಿದ್ದನ್ನು ಕೆಳಗೆ ನೀನೇ ಬರೆ, ಮಳೆ ಸೆಖೆಯ ಸುದ್ದಿ ಬರೆಯಬೇಡ ಎಂದು ಹೇಳಿಕೊಟ್ಟೆ.

"ಊಟಕ್ಕೆ ಬಾ," ಎಂದು ಅಕ್ಕ ಕೆಳಗಿನಿಂದ ಕರೆಯುತ್ತಿದ್ದರು. "ಈಗ ಬಂದೆ," ಎಂದವಳು ಹೋಗುತ್ತಿರಲಿಲ್ಲ. ಮೊದಲು ಪ್ರೀತಿಯಿಂದಲೇ ಕಲಿಸಿದ್ದೆ. ಒಂದು ದಿನ ಅಕ್ಕ ಮೂರನೆಯ ಸಲ ಕರೆದ ದನಿಯಲ್ಲಿ ಸಿಟ್ಟಿನ ಬದಲು ಬೇರೇನೋ ಕೇಳಿತು. ನನ್ನ ಕಿವಿ ನೆಟ್ಟಗಾಯಿತು. ಅಂದಿನಿಂದ ಆ ಹುಡುಗಿಯನ್ನು ಕೆಳಗೆ ಕಳಿಸುವ ಮೊದಲು ಇನ್ನೊಂದು ಪೆಟ್ಟಿಗೆ ತೆರೆದು ತೋರಿಸುವುದನ್ನು ರೂಢಿ ಮಾಡಿಕೊಂಡೆ. ಇದನ್ನು ತಪ್ಪೊಪ್ಪಿಗೆ ಎಂದು ಯಾರೂ ಓದಬಾರದು, ನನಗೆ ಇದರಲ್ಲಿ ನಾಚಿಕೆಯಿಲ್ಲ.

ಅವಳು ಓದಿ, ಧಾರವಾಡದ ಕಡೆ ಕಾಲೇಜಿನಲ್ಲಿ ಪಾಠ ಹೇಳಲು ಸೇರಿದಳು, ಅಲ್ಲಿಯೇ ಮದುವೆಯೂ ಆಯಿತು. ಮನೆಗೆ ದಿನಾ ಫೋನು. ನನಗೆ ಅಂಚೆ. ಹಬ್ಬಕ್ಕೊಂದು, ಹುಟ್ಟುಹಬ್ಬಕ್ಕೊಂದು, ಕೆಲವೊಮ್ಮೆ ಏನೂ ಇಲ್ಲದೆ ಸುಮ್ಮನೆ ಒಂದು. ಕೈಯಲ್ಲೇ ಕತ್ತರಿಸಿದ ಕಾರ್ಡು, ಒಳಗೆ ಇರುವೆ ಸಾಲಿನಂಥ ಅಕ್ಷರ. ಅತ್ತೆಮನೆಯ ರೊಟ್ಟಿ ತಟ್ಟಲು ಬಾರದೆ ಅತ್ತದ್ದು, ಗಂಡನ ಗೊರಕೆ, ಮೊದಲ ಬಸುರು ನಿಲ್ಲದೆ ಹೋದದ್ದು, ಎಲ್ಲ ನನಗೆ ಕಾರ್ಡಿನಲ್ಲೇ ಬಂತು. ಅಂಚೆಯವರು ಮಾಳಿಗೆ ಹತ್ತುವುದಿಲ್ಲ, ಕೆಳಗೆ ಜಗಲಿಯಲ್ಲಿ ಕೊಟ್ಟುಹೋಗುತ್ತಾರೆ. ಕೆಳಗೆ ಇರುವುದು ಅಕ್ಕ. ಮಗಳ ಅಕ್ಷರವಿರುವ ಲಕೋಟೆಯನ್ನು, ನನ್ನ ಹೆಸರು ಬರೆದದ್ದನ್ನು, ಅವರೇ ಮೆಟ್ಟಲು ಹತ್ತಿ ತಂದು ನನ್ನ ಕೈಗೆ ಕೊಡಬೇಕಿತ್ತು. ನಾನು ಇಳಿದು ಹೋಗಿ ತೆಗೆದುಕೊಳ್ಳಬಹುದಿತ್ತು. ಒಮ್ಮೆಯೂ ಇಳಿಯಲಿಲ್ಲ.

ಅವರ ಮೊಣಕಾಲು ನೋವು ಶುರುವಾದ ಮೇಲೂ ಇಳಿಯಲಿಲ್ಲ.

ಕಳೆದ ಬೇಸಗೆಯಲ್ಲಿ ಒಂದು ಮಧ್ಯಾಹ್ನ ಹಾಗೇ ಒಂದು ಲಕೋಟೆ ತಂದರು. ಸಾಮಾನ್ಯವಾಗಿ ಕೊಟ್ಟು ತಿರುಗುವವರು ಆ ದಿನ ಬಾಗಿಲ ಹತ್ತಿರವೇ ನಿಂತರು.

"ಒಡೆಯುದಿಲ್ವಾ?"

"ಒಡೀತೇನೆ ಅಕ್ಕ, ಅವಸರ ಎಂತ."

ಅವರು ಕುರ್ಚಿ ಎಳೆದು ಕೂತರು. ಆ ಪೂಜೆಯ ನಂತರ ಅವರು ನನ್ನ ಮಾಳಿಗೆಯಲ್ಲಿ ಕೂತದ್ದು ಅದೇ ಮೊದಲು. "ಅಷ್ಟು ಎಂತ ಬರೀತಾಳೆ ಅವಳು ನಿಂಗೆ?"

"ಏನೇನೋ ಇರ್ತದೆ."

"ನಂಗೆ ದಿನಾ ಫೋನು ಮಾಡ್ತಾಳೆ. ಊಟ ಆಯ್ತಾ, ಸೆಖೆ ಉಂಟಾ, ಮಾತ್ರೆ ತಕೊಂಡಿರಾ. ನಾನು ಹೂಂ ಅಂತೇನೆ. ಮತ್ತೆ ಇಡ್ತಾಳೆ." ಸೆರಗಿನಿಂದ ಕತ್ತು ಒರೆಸಿಕೊಂಡರು. "ಅವಳಿಗೆ ಮೊದಲಿನದ್ದು ನಿಲ್ಲಲಿಲ್ಲ ಅಲ್ವಾ, ಅದು ನಂಗೆ ನಿನ್ನ ಬಾಯಿಂದ ಗೊತ್ತಾದ್ದು. ಹೆತ್ತವಳಿಗೆ. ನೀನು ಅವಳ ಹತ್ರ ನಂಗೂ ಒಂದು ಬರೀಲಿಕ್ಕೆ ಹೇಳ್ತೀಯಾ? ನಾನು ಕೇಳಿದ್ರೆ ನೆಗಾಡ್ತಾಳೆ. ಅಮ್ಮಂಗೆ ಎಂತಕ್ಕೆ ಕಾರ್ಡು ಅಂತಾಳೆ."

ಬೇರೆ ಯಾರಾದರೂ ಆಗಿದ್ದರೆ ಕರಗುತ್ತಿದ್ದರು. ನನಗೆ ಎದೆ ಹೊಡೆದುಕೊಳ್ಳಲು ಶುರುವಾಯಿತು, ಸಂತೋಷಕ್ಕೆ.

"ಹೇಳ್ತೇನೆ," ಎಂದೆ. "ಅದಕ್ಕಿಂತ ಮೊದಲು ನೀವು ನಂಗೆ ಒಂದು ಹೇಳ್ಬೇಕು."

"ಎಂತ?"

"ಆಯುಧ ಪೂಜೆದ್ದು."

ಯಾವ ಆಯುಧ ಪೂಜೆ ಎಂದು ಅವರು ಕೇಳಲಿಲ್ಲ. ಮರೆತುಹೋಯಿತು ಎಂದು ನಟಿಸಲೂ ಇಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಆ ದಿನವನ್ನು ನಾನೊಬ್ಬಳೇ ಹೊತ್ತುಕೊಂಡಿರಲಿಲ್ಲ ಎಂದು ಆಗ ತಿಳಿಯಿತು. ಅವರು ಕಿಟಕಿಯ ಕಡೆ ನೋಡುತ್ತ ಹೇಳಿದರು:

"ಬೇಕೂಂತಲೇ ಮಾಡಿದ್ದು."

"ಎಂತದನ್ನು?" ಎಂದೆ. ಅರ್ಧ ಮಾತಿಗೆ ನಾನು ಬಿಡುವವಳಲ್ಲ.

"ಕಾರ್ಡಿಗೆ ಗಂಧ ಹಾಕಿದ್ದು. ಒಳಗೂ ಹಾಕಿದ್ದು. ಅಂಟ್ಲಿ ಅಂತಲೇ ನೀರು ಜಾಸ್ತಿ ಮಾಡಿದ್ದು." ಮತ್ತೆ ಅವರೇ ಮುಂದುವರಿಸಿದರು. "ಬೆಳಗ್ಗಿಂದ ಒಲೆ ಎದುರು ಬೆಂದು ಬಡಿಸುದು ನಾನು. ಉಂಡವ್ರು ಚಂದ ಆಗಿತ್ತು ಅಂತ ಒಂದು ಮಾತು ಹೇಳ್ಲಿಕ್ಕಿಲ್ಲ, ಕೈ ತೊಳೆದು ನಿನ್ನ ಮಾಳಿಗೆ ಹತ್ತುದು. ನಂಗೆ ಆಗ್ಲಿಲ್ಲ. ಆಯ್ತಾ ನಿಂಗೆ?"

ಕಾರಣವನ್ನು ನಾನು ಕೇಳಿರಲಿಲ್ಲ. ಕೇಳಿಯೂ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ನನಗೆ ಬೇಕಾದ ಮಾತು ಸಿಕ್ಕಿತ್ತು, ಅದೂ ನೀರಿನ ಅಳತೆಯ ಸಮೇತ. ಸೇಡು ತೀರಿದರೆ ಮನಸ್ಸು ಖಾಲಿಯಾಗುತ್ತದೆ, ಏನೂ ಸುಖವಿಲ್ಲ ಎಂದು ಹೇಳುವವರನ್ನು ನಂಬಬೇಡಿ, ಅವರು ಸೇಡು ತೀರಿಸಿಕೊಂಡವರಲ್ಲ. ನನಗೆ ಹೊಟ್ಟೆ ತಣ್ಣಗಾಯಿತು. ಆ ರಾತ್ರಿ ಕಾಲು ಚಾಚಿ ನಿದ್ದೆ ಮಾಡಿದೆ.

ಕೊಟ್ಟ ಮಾತಿನಂತೆ ಮರುದಿನ ಹುಡುಗಿಗೆ ಫೋನು ಮಾಡಿದೆ. "ಅಮ್ಮನಿಗಾ?" ಎಂದು ಅವಳಿಗೆ ಆಶ್ಚರ್ಯ. "ಅವ್ರು ಅದನ್ನು ಎಲ್ಲಿ ಇಡ್ತಾರೆ ಚಿಕ್ಕಮ್ಮ? ಹಳೇ ಪೇಪರಿನೊಟ್ಟಿಗೆ ಮಾರ್ತಾರೆ ಅಷ್ಟೆ."

"ಮಾರುದಿಲ್ಲ. ನೀನು ಕಳಿಸು. ನಿನ್ನ ಕೈಯಲ್ಲಿ ಆಗುದರಲ್ಲಿ ಚಂದದ್ದನ್ನೇ ಕಳಿಸು," ಎಂದೆ. ಒಳ್ಳೆಯ ಮನಸ್ಸಿನಿಂದ ಹೇಳಿದೆ ಎಂದು ಅವಳು ತಿಳಿದುಕೊಂಡಳು. ನನ್ನ ಲೆಕ್ಕ ಬೇರೆ ಇತ್ತು. ಆ ಮಾತು ಅವರ ಬಾಯಿಂದ ಬಂದದ್ದಷ್ಟೆ, ಅವರಿಗೆ ಅದರಿಂದ ಏನೂ ನಷ್ಟವಾಗಿರಲಿಲ್ಲ. ಚಿನ್ನ, ಸ್ಟೀಲು, ಗ್ರಾನೈಟಿನ ಹೆಂಗಸಿನ ಕೈಗೆ ಈಗ ಕಾಗದದ್ದೊಂದು ಬರಬೇಕಿತ್ತು.

ಬಂತು. ಮೇ ತಿಂಗಳ ಕೊನೆಯಲ್ಲಿ. ಹುಡುಗಿ ನನಗೂ ಅಂಥದ್ದನ್ನು ಮಾಡಿಕೊಟ್ಟಿರಲಿಲ್ಲ. ತೆರೆದರೆ ತೆಳು ಕಾಗದದ ಮಲ್ಲಿಗೆ ಚೆಂಡೊಂದು ಮೊಗ್ಗು ಮೊಗ್ಗಾಗಿ ಏಳುತ್ತಿತ್ತು, ಸುತ್ತ ತುಂಬ ಬರೆದಿದ್ದಳು. ಏನು ಬರೆದಿದ್ದಳೋ ನನಗೆ ಗೊತ್ತಿಲ್ಲ. ಅಕ್ಕ ಅದನ್ನು ಯಾರಿಗೂ ಓದಗೊಡಲಿಲ್ಲ, ದೂರದಿಂದ ಮೊಗ್ಗು ತೋರಿಸಿ ಮುಚ್ಚಿಬಿಡುತ್ತಿದ್ದರು. ಹಾಲು ತರುವವರಿಗೆ ತೋರಿಸಿದರು, ಅಂಚೆಯವರಿಗೇ ತೋರಿಸಿದರು. ಕುಟುಂಬದ ಗ್ರೂಪಿಗೆ ಬೆಳಗಿನ ಗುಲಾಬಿ ಬರುವುದು ನಿಂತಿತು. ಟಿ.ವಿ.ಯ ಮೇಲೆ ಇಟ್ಟರು, ಧೂಳಾಗುತ್ತದೆ ಎಂದು ತೆಗೆದರು, ಸೀರೆಗಳ ನಡುವೆ ಇಟ್ಟರು, ಮೊಗ್ಗು ಚಪ್ಪಟೆಯಾಗುತ್ತದೆ ಎಂದು ಮತ್ತೆ ತೆಗೆದರು. ಕಾಗದ ಇಟ್ಟುಕೊಂಡವರ ಕಷ್ಟ ಅವರಿಗೆ ಒಂದೊಂದಾಗಿ ಗೊತ್ತಾಗುವುದನ್ನು ನಾನು ಮೇಲಿನಿಂದ ನೋಡುತ್ತಿದ್ದೆ.

ಜೂನಿನಲ್ಲಿ ಮಳೆ ಹಿಡಿಯಿತು. ನಮ್ಮ ಊರಿನ ಮಳೆಗಾಲದಲ್ಲಿ ಗೋಡೆ ಬೆವರುತ್ತದೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ಉಪ್ಪು ನೀರಾಗುತ್ತದೆ. ಒಂದು ದಿನ ಅಕ್ಕ ಗೋಡೆ ಹಿಡಿದುಕೊಂಡು ಮೆಟ್ಟಲು ಹತ್ತಿ ಬಂದರು. ಕಾರ್ಡನ್ನು ಸೀರೆಗೆ ತಾಗದಂತೆ ಎರಡೂ ಕೈಯಲ್ಲಿ ಹಿಡಿದಿದ್ದರು.

"ಇದಕ್ಕೆ ಎಂತೋ ಕಪ್ಪು ಚುಕ್ಕೆ ಬಂದಿದೆ ನೋಡು. ಬದಿಯಲ್ಲಿ ಹುಳವೂ ತಿಂದ ಹಾಗೆ ಉಂಟು. ಮಳೆಗಾಲದಲ್ಲಿ ನೀನು ಎಂತ ಮಾಡ್ತಿ ಇದಕ್ಕೆಲ್ಲ?"

ನಾನು ಮಾಡುವುದು ಬಹಳ ಉಂಟು. ಹುರಿದ ಅಕ್ಕಿಯನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಪೆಟ್ಟಿಗೆಯ ಮೂಲೆಗಳಲ್ಲಿ ಇಡುತ್ತೇನೆ, ತೇವವನ್ನು ಅದು ಎಳೆದುಕೊಳ್ಳುತ್ತದೆ. ಲವಂಗ, ಕರ್ಪೂರ ಕಾಗದಕ್ಕೆ ತಾಗದಂತೆ ಇಟ್ಟರೆ ಹುಳ ಬರುವುದಿಲ್ಲ. ಎದ್ದು ನಿಲ್ಲುವ ಕಾರ್ಡುಗಳನ್ನು ಮಡಚದೆ ಎತ್ತರದ ಡಬ್ಬಿಯಲ್ಲಿ ತೆರೆದೇ ಇಡಬೇಕು. ಮಳೆ ಬಿಟ್ಟ ದಿನ ಬಿಸಿಲಿಗಲ್ಲ, ನೆರಳಿನ ಗಾಳಿಗೆ ಹಾಕಬೇಕು. ಚುಕ್ಕೆ ಈಗಷ್ಟೇ ಬಂದದ್ದಾದರೆ ಒಣ ಹತ್ತಿಯಲ್ಲಿ ಮೆಲ್ಲಗೆ ಒರೆಸಿದರೆ ಹೋಗುತ್ತದೆ. ಆ ಚುಕ್ಕೆ ಈಗಷ್ಟೇ ಬಂದದ್ದಾಗಿತ್ತು.

"ನಂಗೆ ಗೊತ್ತಿಲ್ಲ ಅಕ್ಕ," ಎಂದೆ.

ಅವರು ನನ್ನ ಮುಖ ನೋಡಿದರು, ಹಿಂದಿನ ಕಪಾಟನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ಇನ್ನೊಮ್ಮೆ ಕೇಳಲಿಲ್ಲ. ಕಾರ್ಡನ್ನು ಮುಚ್ಚಿ, ಒಂದೊಂದೇ ಮೆಟ್ಟಲು ನಿಂತು ನಿಂತು ಇಳಿದರು. ಮಳೆಗಾಲ ಆಗಷ್ಟೇ ಶುರುವಾಗಿತ್ತು.